ಎಮ್ಮೆಯ ಬೆನ್ನೇರಿ ಬಂದ ಹಾಡು

ರಾಜಾಜಿನಗರದ ನವರಂಗ್ ವೃತ್ತವನ್ನು ಹಾದುಹೋಗುವ ರಸ್ತೆಗೆ ಡಾ. ರಾಜ್‌ಕುಮಾರ್ ಅವರ ಹೆಸರಿದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಕಂಠೀರವ ಸ್ಟುಡಿಯೊ ಆವರಣದಲ್ಲಿ ಅವರ ಸಮಾಧಿಯಿದೆ. ಈ ಎರಡರ ನಡುವಿನ ಬಡಾವಣೆಗಳಲ್ಲಿ ನವೆಂಬರ್ ತಿಂಗಳಿಡೀ ಧ್ವನಿವರ್ಧಕಗಳಿಂದ ಕೇಳಿಬರುವುದೂ ಅವರ ದನಿಯೇ. ಕನ್ನಡಿಗರ ಕಿವಿಗೆ ಆ ಮುಖ ಮತ್ತು ಆ ದನಿ ಬೇರೆಬೇರೆಯಲ್ಲ. ಆದರೆ ಅವರು ನಾಯಕನಟರಾಗಿ ತೆರೆಗೆ ಬಂದ ಮೊದಲ ಇಪ್ಪತ್ತು ವರ್ಷ, ಒಂದೆರಡು ಅಪವಾದಗಳನ್ನು ಬಿಟ್ಟರೆ, ಆ ಮುಖಕ್ಕೆ ಹಾಡಿದ್ದು ಬೇರೆಯವರ ಕಂಠ. ಇದು ಈಗಿನ ತಲೆಮಾರಿಗೆ ಅಷ್ಟಾಗಿ ನೆನಪಿಲ್ಲದ ಸಂಗತಿ. ಮುಖ ಮತ್ತು ದನಿ ಒಂದಾದದ್ದು 1974ರಲ್ಲಿ, ಎಮ್ಮೆಯ ಮೇಲೆ ಕುಳಿತು ಹಾಡುವ ಒಂದು ಹಳ್ಳಿಯ ಹಾಡಿನಿಂದ. 'ಸಂಪತ್ತಿಗೆ ಸವಾಲ್' ಚಿತ್ರದ 'ಯಾರೇ ಕೂಗಾಡಲಿ' ಎಂಬ ಆ ಗೀತೆಯ ಹಿಂದೆ ಒಬ್ಬ ಕಲಾವಿದನ ಬದುಕಿದೆ. ಕನ್ನಡ ಚಿತ್ರಗೀತೆಯ ಧ್ವನಿಮುದ್ರಣದ ಚರಿತ್ರೆಯೂ ಇದೆ.

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಹುಟ್ಟಿದ್ದು 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ. ತಂದೆ ವೃತ್ತಿರಂಗಭೂಮಿಯ ನಟ. ಮಗನ ಶಾಲಾ ಕಲಿಕೆ ಪ್ರಾಥಮಿಕ ಹಂತದಲ್ಲೇ ನಿಂತಿತು. ನಿಜವಾದ ಪಾಠಶಾಲೆ ನಾಟಕದ ಕಂಪನಿಯಾಯಿತು. ಗುಬ್ಬಿ ವೀರಣ್ಣನವರ ಕಂಪನಿಯೂ ಸೇರಿದಂತೆ ಆ ಕಾಲದ ಯಾವ ನಾಟಕ ಮಂಡಳಿಯಲ್ಲೇ ಆಗಲಿ, ಹಾಡಲು ಬಾರದವನು ನಟನೆನಿಸಿಕೊಳ್ಳುತ್ತಿರಲಿಲ್ಲ. ಮೈಕು ಇಲ್ಲದ ರಂಗದ ಮೇಲೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಪದ ಸ್ಪಷ್ಟವಾಗಿ ಕೇಳಿಸಬೇಕು, ಶ್ರುತಿ ತಪ್ಪಬಾರದು, ಹಾಡಿನ ನಡುವೆ ಮಾತು, ಮಾತಿನ ನಡುವೆ ಹಾಡು ಸಲೀಸಾಗಿ ಬಂದುಹೋಗಬೇಕು. ಕಂದ, ವೃತ್ತ, ಮಟ್ಟುಗಳನ್ನು ಕೇಳುತ್ತಲೇ ಬೆಳೆದ ಹುಡುಗನಿಗೆ ಹಾಡುವುದು ನಡೆಯುವಷ್ಟೇ ಸಹಜವಾಗಿತ್ತು.

1934ರಲ್ಲಿ 'ಸತಿ ಸುಲೋಚನಾ'ದೊಂದಿಗೆ ಕನ್ನಡ ವಾಕ್ಚಿತ್ರ ಆರಂಭವಾದಾಗ ಈ ರಂಗಭೂಮಿಯ ನಿಯಮವೇ ತೆರೆಗೂ ಅನ್ವಯಿಸಿತ್ತು. ಹೊನ್ನಪ್ಪ ಭಾಗವತರ್ ಅವರಂಥವರು ಹಾಡಬಲ್ಲ ನಟರಾಗಿದ್ದರಿಂದಲೇ ತಾರೆಯರಾದವರು. ಆದರೆ 1954ರ ಹೊತ್ತಿಗೆ, ಎಚ್.ಎಲ್.ಎನ್. ಸಿಂಹ ಅವರು 'ಬೇಡರ ಕಣ್ಣಪ್ಪ' ಚಿತ್ರಕ್ಕಾಗಿ ಮುತ್ತುರಾಜನನ್ನು ರಾಜ್‌ಕುಮಾರ್ ಆಗಿಸಿದಾಗ, ಕಾಲ ಬದಲಾಗಿತ್ತು. ಹಿನ್ನೆಲೆ ಗಾಯನ ದಕ್ಷಿಣದ ಎಲ್ಲ ಭಾಷೆಗಳ ಚಿತ್ರೋದ್ಯಮದಲ್ಲಿ ಬೇರೂರಿತ್ತು. ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದು ಮದರಾಸಿನಲ್ಲಿ. ಹಾಡುಗಳು ಮುದ್ರಣವಾಗುತ್ತಿದ್ದುದೂ ಅಲ್ಲಿಯೇ. ನಟನೆ ಒಬ್ಬರದು, ಗಾಯನ ಇನ್ನೊಬ್ಬರದು ಎಂಬ ಶ್ರಮವಿಭಜನೆಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಕಣ್ಣಪ್ಪನಾಗಿ ಶಿವನ ಮುಂದೆ ಕಣ್ಣೀರಿಟ್ಟವರು ರಾಜ್‌ಕುಮಾರ್. ಆ ಕಣ್ಣೀರಿಗೆ ದನಿಯಾದವರು ತಮಿಳುನಾಡಿನ ಸಿ.ಎಸ್. ಜಯರಾಮನ್.

ಈ ವ್ಯವಸ್ಥೆಯೊಳಗೇ ರಾಜ್‌ಕುಮಾರ್ ಕಂಠವನ್ನು ಗುರುತಿಸಿದ ಒಬ್ಬ ಸಂಗೀತಗಾರರಿದ್ದರು. ಅವರು ಜಿ.ಕೆ. ವೆಂಕಟೇಶ್. 1927ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿ ಕನ್ನಡ ಚಿತ್ರಸಂಗೀತದ ದಿಕ್ಕನ್ನೇ ರೂಪಿಸಿದ ವೆಂಕಟೇಶ್ ಸ್ವತಃ ಗಾಯಕರೂ ಆಗಿದ್ದರು. 1956ರ 'ಓಹಿಲೇಶ್ವರ'ದಲ್ಲಿ ಅವರು ರಾಜ್ ಅವರಿಂದ ಒಂದು ಹಾಡು ಹಾಡಿಸಿದರು. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿ ಅವರೊಂದಿಗೆ ಒಂದು ಯುಗಳಗೀತೆ ಹಾಡಿಸಿದರು. ಎರಡೂ ಮುದ್ರಣಗಳನ್ನು ಈಗ ಕೇಳಿದರೆ, ಅಲ್ಲಿ ಕಂಠಕ್ಕಾಗಲಿ ಭಾವಕ್ಕಾಗಲಿ ಕೊರತೆ ಕಾಣಿಸುವುದಿಲ್ಲ. ಆದರೂ ಆ ಪ್ರಯೋಗ ಅಲ್ಲಿಗೇ ನಿಂತಿತು. ವರ್ಷಕ್ಕೆ ಹಲವು ಚಿತ್ರಗಳಲ್ಲಿ ಬಿಡುವಿಲ್ಲದೆ ನಟಿಸುವ ನಾಯಕನಿಗೆ ಧ್ವನಿಮುದ್ರಣದ ತಾಲೀಮಿಗೆ ಸಮಯ ಒದಗಿಸುವುದು ಸುಲಭದ ಮಾತಾಗಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಆ ಹೊತ್ತಿಗೆ ಅವರಿಗೆ ಹೇಳಿ ಮಾಡಿಸಿದಂಥ ಇನ್ನೊಂದು ದನಿ ದೊರೆತಿತ್ತು.

ಅದು ಪಿ.ಬಿ. ಶ್ರೀನಿವಾಸ್ ಅವರದು. ಕಾಕಿನಾಡದಲ್ಲಿ ಹುಟ್ಟಿದ, ರಾಜ್‌ಕುಮಾರ್ ಅವರಿಗಿಂತ ಒಂದು ವರ್ಷ ಕಿರಿಯರಾದ ಈ ಗಾಯಕ ಹಲವು ಭಾಷೆಗಳನ್ನು ಬಲ್ಲವರು, ಕವಿತೆ ಬರೆಯಬಲ್ಲವರು. ರಾಜ್ ಚಿತ್ರಗಳಿಗಾಗಿ ಅವರು ಹಾಡಿದ ಗೀತೆಗಳು ಇನ್ನೂರಕ್ಕೂ ಹೆಚ್ಚು. ಕನಕದಾಸನ ಅಳಲಿಗೂ, ರಾಘವೇಂದ್ರಸ್ವಾಮಿಗಳ ಶಾಂತಿಗೂ, 'ಕಸ್ತೂರಿ ನಿವಾಸ'ದ ದಾನಿಯ ಕೊರಗಿಗೂ, 'ಬಂಗಾರದ ಮನುಷ್ಯ'ದ ರೈತನ ಛಲಕ್ಕೂ ಶ್ರೀನಿವಾಸರ ಮೃದುವಾದ ಮಂದ್ರ ಕಂಠ ಒಗ್ಗಿಕೊಂಡ ಬಗೆ ಬೆರಗು ಹುಟ್ಟಿಸುತ್ತದೆ. ಶರೀರ ತಮ್ಮದು, ಶಾರೀರ ಶ್ರೀನಿವಾಸರದು ಎಂದು ರಾಜ್ ಹೇಳಿಕೊಳ್ಳುತ್ತಿದ್ದುದು ನಾಡಿಗೇ ತಿಳಿದ ಸಂಗತಿ. ಅದರಲ್ಲಿ ಸೌಜನ್ಯವಿದ್ದಷ್ಟೇ ಸತ್ಯವೂ ಇತ್ತು.

ಆದರೆ ಹಾಡಬಲ್ಲ ನಟನೊಬ್ಬ ಎರಡು ದಶಕ ತುಟಿಯನ್ನಷ್ಟೇ ಆಡಿಸಬೇಕಾದ ಪರಿಸ್ಥಿತಿಯ ವಿಪರ್ಯಾಸವನ್ನು ಮರೆಯುವಂತಿಲ್ಲ. ಅ.ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ 1966ರ 'ಸಂಧ್ಯಾರಾಗ'ದಲ್ಲಿ ರಾಜ್ ಸಂಗೀತಗಾರನ ಪಾತ್ರವನ್ನೇ ವಹಿಸಿದರು. ಆ ಚಿತ್ರಕ್ಕೆ ಭೀಮಸೇನ ಜೋಶಿ ಮತ್ತು ಎಂ. ಬಾಲಮುರಳಿಕೃಷ್ಣ ಅವರಂಥ ದಿಗ್ಗಜರು ಹಾಡಿದರು. ಅಂಥ ಕಂಠಗಳ ಎದುರು ತಮ್ಮದನ್ನು ಮುಂದೆ ಮಾಡುವ ಸ್ವಭಾವ ರಾಜ್ ಅವರದಾಗಿರಲಿಲ್ಲ. ಆದರೆ ಆ ಚಿತ್ರದಲ್ಲಿ ಅವರ ಉಸಿರಿನ ಏರಿಳಿತ, ಕೊರಳ ನರಗಳ ಬಿಗಿ, ಸ್ವರ ನಿಲ್ಲಿಸುವ ಕ್ಷಣದ ಕಣ್ಣಿನ ಸ್ಥಿರತೆ, ಇವನ್ನು ನೋಡಿದವರಿಗೆ ಅವರು ಒಳಗೊಳಗೇ ಹಾಡುತ್ತಿದ್ದಾರೆ ಎನ್ನಿಸದೆ ಇರದು.

ಹೀಗೆ 1974 ಬಂತು. ಆ ವರ್ಷ ಶ್ರೀನಿವಾಸರ ಪಾಲಿಗೆ ಇಳಿಗಾಲವಾಗಿತ್ತು ಎಂದು ಯಾರೂ ಹೇಳಲಾರರು. 'ಭಕ್ತ ಕುಂಬಾರ'ದ ಗೋರನ ಪದಗಳು, 'ಎರಡು ಕನಸು' ಚಿತ್ರದ ಪ್ರೇಮಗೀತೆಗಳು, ಎಲ್ಲವೂ ಅದೇ ವರ್ಷದವು. ಎಲ್ಲದರಲ್ಲೂ ಅವರ ಕಂಠ ಉತ್ತುಂಗದಲ್ಲಿತ್ತು. ಆ ನಡುವೆ ಎ.ವಿ. ಶೇಷಗಿರಿರಾವ್ ನಿರ್ದೇಶನದ 'ಸಂಪತ್ತಿಗೆ ಸವಾಲ್' ತಯಾರಾಗುತ್ತಿತ್ತು. ಮೂಲ, ಸೂಳಿಭಾವಿಯ ಪಿ.ಬಿ. ಧುತ್ತರಗಿ ಅವರ ನಾಟಕ. ಉತ್ತರ ಕರ್ನಾಟಕದ ವೃತ್ತಿ ಕಂಪನಿಗಳಿಗೆ ಅನ್ನ ಕೊಟ್ಟ ನಾಟಕಗಳ ಸಾಲಿಗೆ ಸೇರಿದ್ದು. ಹಣದ ಮದಕ್ಕೆ ಎದುರಾಗಿ ನಿಲ್ಲುವ ಹಳ್ಳಿಗಾಡಿನ ಯುವಕನ ಕಥೆ ಅದು. ರಂಗದಿಂದ ಬಂದ ನಟ, ರಂಗದಿಂದ ಬಂದ ಕಥೆಯಲ್ಲಿ ಹಾಡಬೇಕಾಗಿ ಬಂದದ್ದು ಕಾಕತಾಳೀಯವೇ ಇರಬಹುದು, ಆದರೆ ಅರ್ಥಪೂರ್ಣ.

ಚಿ. ಉದಯಶಂಕರ್ ಬರೆದ ಗೀತೆಗೆ ವೆಂಕಟೇಶ್ ಮಟ್ಟು ಹಾಕಿದ್ದರು. ಮುದ್ರಣದ ಹೊತ್ತಿಗೆ ಶ್ರೀನಿವಾಸ್ ದೊರೆಯಲಿಲ್ಲ ಎಂಬುದು ಚಿತ್ರರಂಗದಲ್ಲಿ ಬಹುಕಾಲದಿಂದ ಹೇಳಿಕೊಂಡು ಬಂದಿರುವ ಮಾತು. ವೆಂಕಟೇಶ್ ನಾಯಕನನ್ನೇ ಮೈಕಿನ ಮುಂದೆ ನಿಲ್ಲಿಸಿದರು. ಹದಿನೆಂಟು ವರ್ಷಗಳ ಹಿಂದೆ ಇದೇ ಕಂಠವನ್ನು ಪರೀಕ್ಷಿಸಿ ನೋಡಿದ್ದ ಅವರಿಗೆ ಇದು ಕುರುಡು ಧೈರ್ಯವಾಗಿರಲಿಲ್ಲ. ನಲವತ್ತೈದರ ಪ್ರಾಯದ, ನಾಡಿನ ಅತಿ ಜನಪ್ರಿಯ ನಟನಿಗೆ ಮಾತ್ರ ಅದು ದೊಡ್ಡ ಪಣವೇ ಆಗಿತ್ತು. ಸೋತರೆ, ಪ್ರೇಕ್ಷಕ ಎರಡು ದಶಕ ನಂಬಿದ್ದ ದನಿಯನ್ನು ಕಳೆದುಕೊಂಡ ಅಸಮಾಧಾನ ಅವರ ಮೇಲೆಯೇ ತಿರುಗುತ್ತಿತ್ತು.

ಆಗಿನ ಮುದ್ರಣ ವಿಧಾನ ಈಗಿನಂತಿರಲಿಲ್ಲ. ವಾದ್ಯವೃಂದ ಮತ್ತು ಗಾಯಕರು ಒಂದೇ ಹೊತ್ತಿನಲ್ಲಿ, ಒಂದೇ ಸಭಾಂಗಣದಲ್ಲಿ ನಿಂತು ಇಡೀ ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿ ಹಾಡಬೇಕಿತ್ತು. ಪಿಟೀಲಿನವರೊಬ್ಬರ ಬೆರಳು ಜಾರಿದರೂ, ಗಾಯಕ ಒಂದು ಅಕ್ಷರ ನುಂಗಿದರೂ ಮತ್ತೆ ಆರಂಭದಿಂದ ಶುರು. ಸಾಲುಸಾಲಾಗಿ ಹಾಡಿ ಜೋಡಿಸುವ, ಶ್ರುತಿ ತಪ್ಪಿದ್ದನ್ನು ಯಂತ್ರದಲ್ಲಿ ತಿದ್ದುವ ಸೌಕರ್ಯ ಇರಲಿಲ್ಲ. ಆದರೆ ಈ ಕಟ್ಟುಪಾಡೇ ಕಂಪನಿ ನಾಟಕದ ನಟನಿಗೆ ಅನುಕೂಲವಾಗಿ ಒದಗಿತು. ಪರದೆ ಎದ್ದ ಮೇಲೆ ತಪ್ಪಿಗೆ ಅವಕಾಶವಿಲ್ಲ ಎಂಬ ಶಿಸ್ತಿನಲ್ಲಿ ಪಳಗಿದವರಿಗೆ ಮೈಕಿನ ಕೆಂಪು ದೀಪ ಹೊಸ ಭಯವೇನೂ ಆಗಿರಲಾರದು.

ಆ ಹಾಡನ್ನು ಗಮನವಿಟ್ಟು ಕೇಳಿದರೆ ಅಲ್ಲಿ ಕಚೇರಿ ಗಾಯಕನ ಗಮಕ ಪ್ರದರ್ಶನ ಕಾಣುವುದಿಲ್ಲ. ಎಮ್ಮೆಯ ಬೆನ್ನ ಮೇಲೆ ಕುಳಿತು, ಊರಿನವರ ಕೂಗಾಟಕ್ಕೆ ಕಿವಿಗೊಡದೆ, ತನ್ನ ಪಾಡಿಗೆ ತಾನು ಸಾಗುವ ಹಳ್ಳಿಗನ ನೆಮ್ಮದಿ ಅದರ ಜೀವ. ಎಮ್ಮೆಯ ನಿಧಾನ ನಡಿಗೆಗೆ ಸರಿಯಾದ ಲಯ, ಅದನ್ನು ಹುರಿದುಂಬಿಸುವ ಹೊಲದ ಬದುವಿನ ಉದ್ಗಾರಗಳು, ಪದದ ಕೊನೆಯನ್ನು ಎಳೆದು ಬಿಡುವ ಬಯಲು ಸೀಮೆಯ ಧಾಟಿ, ಇವುಗಳಲ್ಲಿ ಮಾತು ಮತ್ತು ಹಾಡಿನ ನಡುವಿನ ಗೆರೆ ಅಳಿಸಿಹೋಗುತ್ತದೆ. ಹಿನ್ನೆಲೆ ಗಾಯಕನೊಬ್ಬ ಇದನ್ನು ಇನ್ನೂ ನಯವಾಗಿ ಹಾಡಬಹುದಿತ್ತು. ಆದರೆ ಆ ಗೀತೆ ಬಯಸಿದ್ದು ಒಂದಿಷ್ಟು ಒರಟು, ಒಂದಿಷ್ಟು ಹುಡುಗಾಟ ಮತ್ತು ನಟನ ಮೈಯೊಳಗಿನಿಂದಲೇ ಹೊರಡುವ ಉಸಿರು. ಅದು ಪಾತ್ರವೇ ಹಾಡಿದ ಹಾಡಾಯಿತು.

ನಂತರದ ಕಥೆ ಎಲ್ಲರಿಗೂ ತಿಳಿದದ್ದೇ. ಗ್ರಾಮಫೋನ್ ತಟ್ಟೆಗಳಿಂದ, ರೇಡಿಯೊ ಕೋರಿಕೆ ಕಾರ್ಯಕ್ರಮಗಳಿಂದ, ಮದುವೆಮನೆಯ ಮೈಕ್ ಸೆಟ್ಟುಗಳಿಂದ ಆ ಹಾಡು ನಾಡಿನ ಮೂಲೆಮೂಲೆಗೆ ತಲುಪಿತು. 1949ರಲ್ಲಿ ರಾಜಾಜಿಯವರ ಹೆಸರಿನಲ್ಲಿ ಕೈಗಾರಿಕಾ ಬಡಾವಣೆಯಾಗಿ ಆರಂಭಗೊಂಡ ರಾಜಾಜಿನಗರದಂಥ ಪ್ರದೇಶಗಳಲ್ಲಿ ಅದಕ್ಕೆ ವಿಶೇಷ ಅರ್ಥವಿತ್ತು. ಕಾರ್ಖಾನೆಯ ಪಾಳಿ ಮುಗಿಸಿ ಬಾಡಿಗೆಯ ವಠಾರಕ್ಕೆ ಮರಳುತ್ತಿದ್ದ ಅನೇಕರು ಹಳ್ಳಿಯಲ್ಲಿ ದನಕರು, ಹೊಲಗದ್ದೆ ಬಿಟ್ಟು ನಗರಕ್ಕೆ ಬಂದವರು. ಮೇಲಧಿಕಾರಿಯ ಗದರಿಕೆ, ಮನೆಮಾಲೀಕನ ತಗಾದೆ, ಪಡಿತರದ ಸಾಲು ಇವುಗಳ ನಡುವೆ, ಯಾರ ಕೂಗಿಗೂ ಜಗ್ಗದೆ ಎಮ್ಮೆಯ ಮೇಲೆ ಸಾಗುವ ಆ ಮನುಷ್ಯ ಅವರಿಗೆ ಬಿಟ್ಟುಬಂದ ಊರನ್ನೂ ಕಳೆದುಕೊಳ್ಳಬಾರದ ಸ್ವಾಭಿಮಾನವನ್ನೂ ನೆನಪಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಒಬ್ಬರ ಗೆಲುವಿನ ನೆರಳು ಇನ್ನೊಬ್ಬರ ಮೇಲೆ ಬೀಳದೆ ಇರಲಿಲ್ಲ. ಒಂದೇ ಹಾಡಿನಿಂದ ಎಲ್ಲವೂ ಬದಲಾಗಲಿಲ್ಲ ಎಂಬುದು ನಿಜ. ಕೆಲಕಾಲ ಎರಡೂ ಕಂಠಗಳು ಜೊತೆಜೊತೆಯಾಗಿ ಸಾಗಿದವು. 1977ರ 'ಬಭ್ರುವಾಹನ'ದಲ್ಲಿ ತಂದೆ ಅರ್ಜುನನೂ ಮಗ ಬಭ್ರುವಾಹನನೂ ರಾಜ್‌ಕುಮಾರ್ ಅವರೇ. ಇಬ್ಬರೂ ಎದುರುಬದುರಾಗಿ ಸವಾಲು ಹಾಕುವ ಗೀತೆಯಲ್ಲಿ ಒಂದೇ ಮುಖದ ಎರಡು ಪಾತ್ರಗಳಿಗೆ ಒಂದು ದನಿ ಶ್ರೀನಿವಾಸರದು, ಇನ್ನೊಂದು ಸ್ವತಃ ರಾಜ್ ಅವರದು. ಟಿ.ಜಿ. ಲಿಂಗಪ್ಪ ಸಂಯೋಜಿಸಿದ ಆ ಗೀತೆ ಇಂದಿಗೂ ಶಾಲಾ ಕಾಲೇಜುಗಳ ವೇದಿಕೆಗಳಲ್ಲಿ ಜೀವಂತವಾಗಿದೆ. ಪುರಾಣದ ಕಾಳಗದ ಹಿಂದೆ ಕನ್ನಡ ಚಿತ್ರಸಂಗೀತದ ಎರಡು ಯುಗಗಳು ಮುಖಾಮುಖಿಯಾದ ಗಳಿಗೆಯೂ ಅದರಲ್ಲಿ ದಾಖಲಾಗಿದೆ. ಮರುವರ್ಷದ 'ಶಂಕರ್ ಗುರು' ಹೊತ್ತಿಗೆ ಹೊಸ ಯುಗ ಗಟ್ಟಿಯಾಗಿ ನೆಲೆಯೂರಿತು. ಮುಂದೆ ರಾಜ್ ಚಿತ್ರಗಳಲ್ಲಿ ಶ್ರೀನಿವಾಸರ ಕಂಠ ಅಪರೂಪವಾಯಿತು.

ಶ್ರೀನಿವಾಸರ ವೃತ್ತಿಜೀವನಕ್ಕೆ ಇದರಿಂದ ಆದ ನಷ್ಟ ಸಣ್ಣದಲ್ಲ. ಕನ್ನಡ ಕೇಳುಗರಿಗೂ ಅದು ನಷ್ಟವೇ. ಅವರ ದನಿಯ ಸಂಯಮ, ದುಃಖವನ್ನು ಎತ್ತರಕ್ಕೇರಿಸದೆ ಹೇಳುವ ಗುಣ ಮತ್ತೊಬ್ಬರಲ್ಲಿ ಆ ಪ್ರಮಾಣದಲ್ಲಿ ಸಿಗಲಿಲ್ಲ. ಇಂಥ ಸಂದರ್ಭಗಳಲ್ಲಿ ಕಹಿ ಬೆಳೆಯುವುದು ಚಿತ್ರರಂಗದಲ್ಲಿ ಹೊಸತೇನಲ್ಲ. ಆದರೆ ಇಬ್ಬರೂ ಕೊನೆಯವರೆಗೆ ಪರಸ್ಪರ ಗೌರವ ಉಳಿಸಿಕೊಂಡರು. ಆ ಘನತೆಯನ್ನು ಅವರ ಗೀತೆಗಳಷ್ಟೇ ಜತನದಿಂದ ನೆನೆಯಬೇಕಾಗಿದೆ.

ಸ್ವಂತ ದನಿ ದೊರೆತ ಮೇಲೆ ರಾಜ್ ಅದನ್ನು ಯಾವುದಕ್ಕೆ ಬಳಸಿದರು ಎಂಬುದೂ ಮುಖ್ಯ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ವೆಂಕಟೇಶ್ ಅವರಿಂದ ಪೂರ್ತಿ ಇಂಗ್ಲಿಷ್ ಗೀತೆಯನ್ನೇ ಹಾಡಿಸಿದರು. ಹಳ್ಳಿಯ ಎಮ್ಮೆಯಿಂದ ನಗರದ ಪಾಪ್ ಸಂಗೀತದ ಧಾಟಿಗೆ ನಾಲ್ಕೇ ವರ್ಷಗಳ ಪಯಣ. ದಶಕಗಳ ಬಳಿಕ ಕನ್ನಡ ಬಾರದ ಯುವಜನರೂ ಅದನ್ನು ಹುಡುಕಿ ಕೇಳಿ ಕುಣಿದರು. 1983ರ 'ಕವಿರತ್ನ ಕಾಳಿದಾಸ'ದಲ್ಲಿ ಎಂ. ರಂಗರಾವ್ ಅವರ ಸಂಯೋಜನೆಗಳು ಆ ಕಂಠದ ಇನ್ನೊಂದು ಮಗ್ಗುಲನ್ನು ತೋರಿದವು. ಸಹಾಯಾರ್ಥ ರಸಮಂಜರಿ ಕಾರ್ಯಕ್ರಮಗಳಲ್ಲಿ ಅವರು ಜಿಲ್ಲೆ ಜಿಲ್ಲೆಗಳಲ್ಲಿ ಹಾಡಿದರು. 1982ರ ಗೋಕಾಕ್ ಚಳವಳಿ ಅವರನ್ನು ಊರೂರಿಗೆ ಕರೆದೊಯ್ದಾಗ ಜನ ಗುರುತಿಸಿದ್ದು ಮುಖವನ್ನಷ್ಟೇ ಅಲ್ಲ, ಆ ಉಚ್ಚಾರಣೆಯನ್ನು. ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ, ಒತ್ತಕ್ಷರಗಳ ಸ್ಪಷ್ಟತೆ, ಳಕಾರ ಲಕಾರಗಳ ಶುದ್ಧಿ, ಇವನ್ನು ಶಾಲೆಯ ಮೆಟ್ಟಿಲನ್ನು ಹೆಚ್ಚಾಗಿ ಹತ್ತದ ಒಬ್ಬ ನಟ ನಾಡಿಗೆ ಕಿವಿಯ ಮೂಲಕ ಕಲಿಸಿದ್ದು ಭಾಷೆಯ ದೃಷ್ಟಿಯಿಂದ ಗಮನಾರ್ಹ ಕೊಡುಗೆ.

1992ರಲ್ಲಿ, ಮೂರು ವರ್ಷಗಳ ಬಿಡುವಿನ ನಂತರ ಬಂದ 'ಜೀವನ ಚೈತ್ರ'ದಲ್ಲಿ ಉಪೇಂದ್ರಕುಮಾರ್ ಸಂಯೋಜಿಸಿದ 'ನಾದಮಯ' ಗೀತೆಗೆ ಅವರು ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದರು. ಆಗ ಅವರಿಗೆ ಅರವತ್ತು ದಾಟಿತ್ತು. ಇತರರ ಕಂಠಕ್ಕೆ ಸಂಗೀತಗಾರನ ಪಾತ್ರ ಮಾಡಿದ್ದ ನಟನಿಗೆ ರಾಷ್ಟ್ರವೇ ಗಾಯಕನ ಪಟ್ಟ ಕಟ್ಟಿತು. ಮರುವರ್ಷದ 'ಆಕಸ್ಮಿಕ'ದಲ್ಲಿ ಹಂಸಲೇಖ ಅವರು ಕನ್ನಡ ನಾಡಿನಲ್ಲಿ ಹುಟ್ಟುವ ಭಾಗ್ಯವನ್ನು ಕುರಿತು ಬರೆದು ಸಂಯೋಜಿಸಿದ ಗೀತೆ, ಹುಬ್ಬಳ್ಳಿಯ ಹಿನ್ನೆಲೆಯಲ್ಲಿ ಜಟಕಾಗಾಡಿಯ ಮೇಲೆ ಚಿತ್ರಿತವಾಗಿ, ಈಗ ರಾಜ್ಯೋತ್ಸವದ ಅನಧಿಕೃತ ಗೀತೆಯೇ ಆಗಿಬಿಟ್ಟಿದೆ. ಎಮ್ಮೆಯ ಬೆನ್ನ ಮೇಲೆ ಆರಂಭವಾದ ಪಯಣ ಕುದುರೆಗಾಡಿಯನ್ನೇರಿ ನಾಡಿನ ಮೆರವಣಿಗೆಯಾದಂತೆ. ಆದರೆ ಅದೇ 1993 ಆ ಪಯಣದ ಇಬ್ಬರು ಸಂಗಾತಿಗಳನ್ನು ಕೊಂಡೊಯ್ದಿತು. ಉದಯಶಂಕರ್ ಮತ್ತು ಜಿ.ಕೆ. ವೆಂಕಟೇಶ್ ಇಬ್ಬರೂ ಆ ವರ್ಷ ತೀರಿಕೊಂಡರು.

2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ರಾಜ್ ಅವರನ್ನು ಅಪಹರಿಸಿದಾಗ 108 ದಿನ ನಾಡು ಉಸಿರು ಬಿಗಿಹಿಡಿದಿತ್ತು. ಆ ವರ್ಷದ 'ಶಬ್ದವೇಧಿ'ಯೇ ಅವರ ಕೊನೆಯ ಚಿತ್ರ. 2006ರ ಏಪ್ರಿಲ್ 12ರಂದು ಅವರು ನಿಧನರಾದಾಗ ಪಾರ್ಥಿವ ಶರೀರಕ್ಕೆ ಜಾಗ ದೊರೆತದ್ದು ಕಂಠೀರವ ಸ್ಟುಡಿಯೊದಲ್ಲಿ. ಏಳು ವರ್ಷಗಳ ನಂತರ, 2013ರ ಏಪ್ರಿಲ್ 14ರಂದು, ಚೆನ್ನೈನಲ್ಲಿ ಪಿ.ಬಿ. ಶ್ರೀನಿವಾಸರೂ ಅಗಲಿದರು. ಶರೀರ ಮತ್ತು ಶಾರೀರ ಹೀಗೆ ಎರಡು ನಗರಗಳಲ್ಲಿ ಮಣ್ಣಾದವು. ರಾಜ್ ಅವರ ಕಿರಿಯ ಪುತ್ರ ಪುನೀತ್ 2012ರಲ್ಲಿ ನಟಿಸಿದ ಚಿತ್ರಕ್ಕೆ 'ಯಾರೇ ಕೂಗಾಡಲಿ' ಎಂದೇ ಹೆಸರಿಟ್ಟಿದ್ದರು. 2021ರಲ್ಲಿ ಅಕಾಲಿಕವಾಗಿ ಅಗಲಿದ ಆ ಮಗನೂ ಈಗ ತಂದೆಯ ಬಳಿಯೇ ಮಲಗಿದ್ದಾರೆ.

ಸಮಾಧಿಗೆ ಪ್ರತಿದಿನ ಹೂವು ಬೀಳುತ್ತದೆ. ರಸ್ತೆಗೆ ಹೆಸರಿದೆ, ವೃತ್ತಗಳಲ್ಲಿ ಪ್ರತಿಮೆಗಳಿವೆ. ಆದರೆ ಈ ಹಾಡುಗಳು ಹೇಗೆ ಹುಟ್ಟಿದವು ಎಂಬುದನ್ನು ನಾವು ಅಷ್ಟೇ ಅಕ್ಕರೆಯಿಂದ ಕಾಪಾಡಿಕೊಂಡಿಲ್ಲ. ತಟ್ಟೆಯ ಮೇಲೆ ಅಚ್ಚಾಗುತ್ತಿದ್ದುದು ಗಾಯಕ, ಕವಿ ಮತ್ತು ಸಂಗೀತ ನಿರ್ದೇಶಕರ ಹೆಸರುಗಳು ಮಾತ್ರ. ಆ ಸಭಾಂಗಣದಲ್ಲಿ ಎಮ್ಮೆಯ ನಡಿಗೆಗೆ ತಾಳ ಕೊಟ್ಟವರು ಯಾರು, ಕೊಳಲು ನುಡಿಸಿದವರು ಯಾರು, ಗುಂಡಿ ಒತ್ತಿದ ಧ್ವನಿ ತಂತ್ರಜ್ಞ ಯಾರು ಎಂಬುದು ತಟ್ಟೆಯನ್ನು ಎಷ್ಟು ತಿರುವಿ ನೋಡಿದರೂ ತಿಳಿಯುವುದಿಲ್ಲ. ಆ ಪೀಳಿಗೆಯ ವಾದ್ಯಗಾರರಲ್ಲಿ ಹಲವರು ಈಗಿಲ್ಲ. ಉಳಿದವರ ನೆನಪು ಮಾಸುತ್ತಿದೆ. ಒಂದು ಹಾಡಿನ ಹಿಂದಿನ ಮೂವತ್ತು ನಲವತ್ತು ಜನರ ದುಡಿಮೆ ದಾಖಲೆಯಿಲ್ಲದೆ ಅಳಿದುಹೋದರೆ, ಉಳಿಯುವುದು ಆರಾಧನೆ ಮಾತ್ರ, ಚರಿತ್ರೆಯಲ್ಲ.

ಕಂಠೀರವ ಸ್ಟುಡಿಯೊ ರಾಜ್ಯ ಸರ್ಕಾರಕ್ಕೆ ಸೇರಿದ್ದು. ಸಮಾಧಿಗೆ ಬರುವ ಸಾವಿರಾರು ಜನರಿಗೆ ಅಲ್ಲೊಂದು ಮೂಲೆಯಲ್ಲಿ 1956ರ ಆ ಮೊದಲ ಮುದ್ರಣವನ್ನೂ, 1974ರ ಎಮ್ಮೆಯ ಹಾಡನ್ನೂ, ಅವುಗಳ ನಡುವಿನ ಶ್ರೀನಿವಾಸರ ಗೀತೆಗಳನ್ನೂ ಒಂದರ ನಂತರ ಒಂದು ಕೇಳುವ ವ್ಯವಸ್ಥೆಯಾಗಬೇಕು. ಪ್ರತಿ ಹಾಡಿನ ಜೊತೆ ಅದನ್ನು ನುಡಿಸಿದವರ ಹೆಸರುಗಳನ್ನು, ಸಿಕ್ಕಷ್ಟನ್ನಾದರೂ, ಬರೆದಿಡಬೇಕು. ಬದುಕಿರುವ ವಾದ್ಯಗಾರರನ್ನೂ ತಂತ್ರಜ್ಞರನ್ನೂ ಕೂರಿಸಿ ಅವರ ಅನುಭವವನ್ನು ಮುದ್ರಿಸಿಕೊಳ್ಳುವ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಕಾಗದು. ಅದನ್ನು ಈಗಲೇ ಆರಂಭಿಸದಿದ್ದರೆ ಕೇಳಲು ಹೋಗುವಾಗ ಹೇಳುವವರು ಉಳಿದಿರುವುದಿಲ್ಲ.